ಲೂಯಿ ಲೂಯಿ: ಯಾವ ಸ್ಪೀಡಿನಲ್ಲೂ ಅರ್ಥವಾಗದ ಹಾಡು

ಕಾಲೇಜಿನ ದಿನಗಳಲ್ಲಿ ನನ್ನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಇಂಗ್ಲಿಷ್ ಹಾಡುಗಳನ್ನು ಕಿವಿಗೆ ಬಿದ್ದ ಹಾಗೆ ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಳ್ಳುವ ನೋಟ್‌ಬುಕ್. ಕ್ಯಾಸೆಟ್ ಒಂದು ಸಾಲು ಓಡಿಸುವುದು, ನಿಲ್ಲಿಸುವುದು, ಬರೆಯುವುದು, ಮತ್ತೆ ಹಿಂದಕ್ಕೆ ಸುತ್ತುವುದು. ಅರ್ಥ ಆಗದ ಕಡೆ ಶಬ್ದಕ್ಕೆ ಹತ್ತಿರದ ಅಕ್ಷರ ಜೋಡಿಸಿ ಮುಂದೆ ಹೋಗುತ್ತಿದ್ದೆ. ಆಮೇಲೆ ಅದನ್ನೇ ನಾಲ್ಕು ಜನರ ಮುಂದೆ ಹಾಡುವಾಗ ಧೈರ್ಯಕ್ಕೇನೂ ಕೊರತೆ ಇರುತ್ತಿರಲಿಲ್ಲ. ಕೇಳುವವರಿಗೂ ಗೊತ್ತಿಲ್ಲ, ಹಾಡುವವನಿಗೂ ಗೊತ್ತಿಲ್ಲ, ಇನ್ನೇನು ಭಯ?

ಆ ನೋಟ್‌ಬುಕ್‌ನಲ್ಲಿ ಒಂದು ಪುಟ ಮಾತ್ರ ಹೆಚ್ಚುಕಡಿಮೆ ಖಾಲಿ ಉಳಿದಿತ್ತು. ಮೇಲೆ 'ಲೂಯಿ ಲುವಾಯ್' ಅಂತ ಇದೆ. ಅದರ ಕೆಳಗೆ 'ಓ ನೋ'. ಅದರ ಕೆಳಗೆ ಬರೀ ಚುಕ್ಕಿಗಳು. ಮೂರು ಸಲ ಪ್ರಯತ್ನಿಸಿ ಮೂರು ಸಲವೂ ಹೊಡೆದು ಹಾಕಿದ ಗುರುತು. ಕೊನೆಗೆ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ನನ್ನ ಇಂಗ್ಲಿಷ್ ಇಷ್ಟೇ ಅಂದುಕೊಂಡು ಬಿಟ್ಟುಬಿಟ್ಟಿದ್ದೆ.

ಎಷ್ಟೋ ವರ್ಷದ ಮೇಲೆ ಗೊತ್ತಾಯಿತು: ಇದೇ ಹಾಡನ್ನು ಕೇಳಿ, ನಿಲ್ಲಿಸಿ, ಮತ್ತೆ ಕೇಳಿ, ಬರೆದುಕೊಳ್ಳಲು ಹೋಗಿ ಸೋತವರ ಪಟ್ಟಿಯಲ್ಲಿ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಕೂಡ ಇದೆ. ನಾನು ಒಂದು ಸಂಜೆ ಕೂತು ಬಿಟ್ಟೆ. ಅವರು ಎರಡು ವರ್ಷಕ್ಕೂ ಜಾಸ್ತಿ ಹಿಡಿದರು. ಅಂದಿನಿಂದ ನನಗೆ ಈ ಹಾಡಿನ ಮೇಲೆ ವಿಶೇಷ ಪ್ರೀತಿ.

ಹಾಡಿನ ಹೆಸರು 'ಲೂಯಿ ಲೂಯಿ'. 1963ರಲ್ಲಿ ಪೋರ್ಟ್‌ಲ್ಯಾಂಡಿನ ಕಿಂಗ್ಸ್‌ಮೆನ್ ಅನ್ನುವ ಹುಡುಗರ ಬ್ಯಾಂಡ್ ಮಾಡಿದ ರೆಕಾರ್ಡಿನಿಂದ ಇದು ಜಗತ್ತಿಗೆ ಗೊತ್ತಾಯಿತು. ಆದರೆ ಹಾಡು ಅವರದ್ದಲ್ಲ. ಅವರು ಅದನ್ನು ಮೊದಲು ಕೇಳಿದಾಗ ಅದಾಗಲೇ ಎರಡು ಕೈ ದಾಟಿ ಬಂದಿತ್ತು.

ಬರೆದವನು ರಿಚರ್ಡ್ ಬೆರಿ. 1935ರಲ್ಲಿ ಲೂಸಿಯಾನಾದಲ್ಲಿ ಹುಟ್ಟಿ, ಕೈಗೂಸಾಗಿದ್ದಾಗಲೇ ಲಾಸ್ ಏಂಜಲಿಸ್‌ಗೆ ಬಂದ ಕಪ್ಪು ಹುಡುಗ. ಚಿಕ್ಕಂದಿನಲ್ಲಿ ಸೊಂಟಕ್ಕೆ ಪೆಟ್ಟಾಗಿ ಊರುಗೋಲು ಹಿಡಿದು ಓಡಾಡುತ್ತಿದ್ದ. ಸ್ಕೂಲಿನಲ್ಲಿದ್ದಾಗಲೇ ಹಾಡುಗಾರರ ಗುಂಪುಗಳಲ್ಲಿ ಸೇರಿಕೊಂಡ. ಗಂಟಲು ಆಳವಾದದ್ದು, ನಾಟಕೀಯವಾದದ್ದು. 1954ರಲ್ಲಿ ರಾಬಿನ್ಸ್ ಗುಂಪಿನ ಹೆಸರಿನಲ್ಲಿ ಬಂದ ಜೈಲು ದಂಗೆಯ ಒಂದು ಹಾಡಿದೆ. ಅದರಲ್ಲಿ ಕಥೆ ಹೇಳುವ ಗಡಸು ದನಿ ಬೆರಿಯದು. ಹೆಸರು ಮಾತ್ರ ಎಲ್ಲೂ ಇಲ್ಲ. ಮರುವರ್ಷ ಎಟಾ ಜೇಮ್ಸ್ ಹಾಡಿ ಹಿಟ್ ಆದ ರೆಕಾರ್ಡಿನಲ್ಲಿ ಆಕೆಗೆ ಉತ್ತರ ಕೊಡುವ ಹೆನ್ರಿಯ ದನಿಯೂ ಇವನದೇ. ಅಲ್ಲೂ ಅಷ್ಟೇ. ದನಿ ಊರಿಗೆಲ್ಲ ಗೊತ್ತು, ಆಸಾಮಿ ಯಾರಿಗೂ ಗೊತ್ತಿಲ್ಲ. ಇದೊಂದು ನೆನಪಿಟ್ಟುಕೊಳ್ಳಿ, ಮುಂದೆ ಇನ್ನೊಬ್ಬನಿಗೂ ಇದೇ ಗತಿ ಬರುತ್ತದೆ.

1955ರ ಸುಮಾರಿಗೆ ಬೆರಿ ರಿದಮ್ ರಾಕರ್ಸ್ ಅನ್ನುವ ಬ್ಯಾಂಡಿನ ಜೊತೆ ಹಾಡುತ್ತಿದ್ದ. ಲ್ಯಾಟಿನ್ ಸಂಗೀತವನ್ನೂ ರಿದಮ್ ಅಂಡ್ ಬ್ಲೂಸನ್ನೂ ಬೆರೆಸಿ ನುಡಿಸುವ ಬ್ಯಾಂಡ್ ಅದು. ಆನಹೈಮ್‌ನ ಹಾರ್ಮೊನಿ ಪಾರ್ಕ್ ಬಾಲ್‌ರೂಮಿನಲ್ಲಿ ಕಾರ್ಯಕ್ರಮ. ತನ್ನ ಸರದಿಗಾಗಿ ವೇದಿಕೆಯ ಹಿಂದೆ ಕಾಯುತ್ತಿದ್ದಾಗ ಬ್ಯಾಂಡ್ 'ಎಲ್ ಲೋಕೋ ಚಾ ಚಾ' ಶುರು ಮಾಡಿತು. ಕ್ಯೂಬಾದ ರೆನೆ ಟೂಜೆ ಜನಪ್ರಿಯಗೊಳಿಸಿದ ಕುಣಿತದ ಹಾಡು. ಅದರ ಶುರುವಿನಲ್ಲೇ ಒಂದು ಪಟ್ಟು ಇದೆ.

ಮೇಜಿನ ಮೇಲೆ ಬೆರಳಿನಲ್ಲಿ ಬಡಿದು ನೋಡಿ. ಟ ಟ ಟ. ಸ್ವಲ್ಪ ತಡೆದು, ಟ ಟ. ಮತ್ತೆ ಟ ಟ ಟ. ಟ ಟ. ಒಂದು ಎರಡು ಮೂರು, ಒಂದು ಎರಡು. ಅಷ್ಟೇ. ಇದನ್ನು ಎರಡು ಸಲ ಬಡಿದರೆ ಮೂರನೇ ಸಲ ಕೈ ತಾನಾಗಿ ಹೋಗುತ್ತದೆ. ಐದನೇ ಸಲಕ್ಕೆ ಕಾಲೂ ಸೇರಿಕೊಳ್ಳುತ್ತದೆ. ನಿಲ್ಲಿಸಿದಾಗ ಏನೋ ಅರ್ಧಕ್ಕೆ ಬಿಟ್ಟ ಹಾಗೆ ಅನ್ನಿಸುತ್ತದೆ. ಬೆರಿಗೂ ಆದದ್ದು ಅದೇ. ಆ ಪಟ್ಟಿನ ಮೇಲೆ ಮಾತು ಕೂರಿಸಬೇಕು ಅನ್ನಿಸಿತು. ಕೈಯಲ್ಲಿ ಕಾಗದ ಇಲ್ಲ. ಸಿಕ್ಕಿದ ಟಾಯ್ಲೆಟ್ ಪೇಪರಿನ ಮೇಲೇ ಬರೆದುಕೊಂಡ ಅನ್ನುವುದು ಎಲ್ಲರೂ ಹೇಳುವ ಕಥೆ.

ಅವನು ಬರೆದ ಮಾತುಗಳಲ್ಲಿ ಏನಿತ್ತು? ಜಮೈಕಾದ ಒಬ್ಬ ನಾವಿಕ. ಬಾರಿನಲ್ಲಿ ಕೂತಿದ್ದಾನೆ. ಎದುರಿಗೆ ಗ್ಲಾಸು ಒರೆಸುತ್ತಾ ನಿಂತವನ ಹೆಸರು ಲೂಯಿ. ಅವನಿಗೆ ನಾವಿಕ ಹೇಳುತ್ತಾನೆ: ಲೂಯಿ, ನಾನಿನ್ನು ಹೊರಡಬೇಕು. ಸಮುದ್ರದಾಚೆ ನನ್ನ ಹುಡುಗಿ ಕಾಯುತ್ತಿದ್ದಾಳೆ. ಮೂರು ಹಗಲು ಮೂರು ರಾತ್ರಿ ಹಡಗು. ಇಡೀ ದಾರಿ ಅವಳದೇ ನೆನಪು. ಅಲ್ಲಿ ತಲುಪಿದರೆ ಮತ್ತೆ ಬಿಟ್ಟು ಬರುವುದಿಲ್ಲ.

ಇಷ್ಟೇ. ಮನೆಯಲ್ಲಿ ಅಜ್ಜಿಯ ಎದುರಿಗೆ ಹಾಡಬಹುದಾದ ಹಾಡು. ವಿರಹ, ಸಮುದ್ರ, ಚಂದ್ರ. ನಮ್ಮ ಭಾವಗೀತೆಗಳಲ್ಲಿ ಇದಕ್ಕಿಂತ ಜಾಸ್ತಿ ಶೃಂಗಾರ ಇರುತ್ತದೆ.

1957ರಲ್ಲಿ ಬೆರಿ ಇದನ್ನು ಫರೋಸ್ ಅನ್ನುವ ಗುಂಪಿನ ಜೊತೆ ಫ್ಲಿಪ್ ರೆಕಾರ್ಡ್ಸ್‌ಗೆ ಹಾಡಿದ. ಅದೂ ಹಿಂಬದಿಯ ಹಾಡಾಗಿ. ಸಿಂಗಲ್ ರೆಕಾರ್ಡ್ ಅಂದರೆ ಮುಂದೊಂದು ಹಾಡು, ಹಿಂದೊಂದು ಹಾಡು. ಕಂಪನಿ ಹಣ ಸುರಿಯುವುದು ಮುಂದಿನದಕ್ಕೆ, ಹಿಂದಿನದು ಜಾಗ ತುಂಬಿಸಲಿಕ್ಕೆ. ರೇಡಿಯೋದವರು ರೆಕಾರ್ಡ್ ತಿರುಗಿಸಿ ಹಾಕಿದರು, ಪಶ್ಚಿಮ ಕರಾವಳಿಯಲ್ಲಿ ಹಾಡು ಒಂದಷ್ಟು ಓಡಿತು, ಆಮೇಲೆ ನಿಂತಿತು. ಬೆರಿಗೆ ಮದುವೆ ನಿಶ್ಚಯವಾಗಿತ್ತು. ದುಡ್ಡು ಬೇಕಿತ್ತು. ಈ ಹಾಡು ಮತ್ತು ಇನ್ನು ನಾಲ್ಕು ಹಾಡುಗಳ ಮೇಲಿನ ತನ್ನ ಹಕ್ಕನ್ನು ಕಂಪನಿಯ ಮಾಲೀಕ ಮ್ಯಾಕ್ಸ್ ಫೈರ್ಟಾಗ್‌ಗೆ 750 ಡಾಲರಿಗೆ ಬರೆದುಕೊಟ್ಟ.

ಅವನನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ. ಓಡಿ ನಿಂತ ಹಾಡು, ಎದುರಿಗೆ ನಿಂತ ಮದುವೆ. ಆ ಕ್ಷಣಕ್ಕೆ ಅದು ಒಳ್ಳೆಯ ವ್ಯಾಪಾರವೇ.

ಹಾಡು ಅಲ್ಲಿಗೇ ಸಾಯಬೇಕಿತ್ತು. ಸಾಯಲಿಲ್ಲ, ಯಾಕೆಂದರೆ ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ ಒಬ್ಬ ಹುಡುಗ ಅಗ್ಗದ ರೆಕಾರ್ಡುಗಳ ರಾಶಿ ಕೆದಕುತ್ತಿದ್ದ. ರಾಕಿನ್ ರಾಬಿನ್ ರಾಬರ್ಟ್ಸ್ ಅಂತ. ಮಾರಾಟವಾಗದೆ ಉಳಿದ ರೆಕಾರ್ಡುಗಳ ನಡುವೆ ಇದು ಅವನ ಕೈಗೆ ಬಂತು. ವೇಲರ್ಸ್ ಬ್ಯಾಂಡಿನ ಜೊತೆ ಹಾಡಲು ಶುರು ಮಾಡಿದ. (ಬಾಬ್ ಮಾರ್ಲಿಯ ವೇಲರ್ಸ್ ಅಲ್ಲ, ಇವರು ಬೇರೆ.) ಬೆರಿಯ ಹಾಡು ಮೆತ್ತಗೆ ತೂಗುವ ಹಾಡು. ಟಕೋಮಾದ ಹುಡುಗರು ಅದಕ್ಕೆ ಮೆಣಸಿನಕಾಯಿ ಅರೆದರು. ಗಿಟಾರ್ ಏಕಾಂಗಿಯಾಗಿ ನುಡಿಯುವ ಜಾಗಕ್ಕೆ ಮೊದಲು ರಾಬರ್ಟ್ಸ್ 'ಕೊಡೋಣ ಬನ್ನಿ ಇವರಿಗೆ' ಅನ್ನುವ ಧಾಟಿಯಲ್ಲಿ ಒಂದು ಕೂಗು ಹಾಕುತ್ತಾನೆ. 1961ರಲ್ಲಿ ತಮ್ಮದೇ ಸಣ್ಣ ಕಂಪನಿಯಿಂದ ರೆಕಾರ್ಡ್ ತಂದರು. ದೇಶಕ್ಕೆ ಗೊತ್ತಾಗಲಿಲ್ಲ, ಆದರೆ ಅಮೆರಿಕದ ಆ ವಾಯವ್ಯ ಮೂಲೆಯ ಹುಡುಗರ ಬ್ಯಾಂಡುಗಳೆಲ್ಲ ಅದನ್ನು ಕಲಿತವು. ಈ ಹಾಡು ಬಾರದಿದ್ದರೆ ಶನಿವಾರದ ಡ್ಯಾನ್ಸಿಗೆ ಯಾರೂ ಕರೆಯುತ್ತಿರಲಿಲ್ಲ. ರಾಬರ್ಟ್ಸ್ 1967ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ. ಅವನು ಹಾಕಿದ ಕೂಗನ್ನು ಆಮೇಲೆ ಬಂದವರು ಎಷ್ಟು ಜನ ಹಾಗೇ ನಕಲು ಮಾಡಿದರೋ ಲೆಕ್ಕವಿಲ್ಲ.

ನಕಲು ಮಾಡಿದವರಲ್ಲಿ ಪೋರ್ಟ್‌ಲ್ಯಾಂಡಿನ ಕಿಂಗ್ಸ್‌ಮೆನ್ ಬ್ಯಾಂಡಿನ ಹಾಡುಗಾರ ಜ್ಯಾಕ್ ಈಲಿ ಒಬ್ಬ. ಆರೆಗಾನ್ ಕರಾವಳಿಯ ಸೀಸೈಡ್ ಅನ್ನುವ ಊರಲ್ಲಿ ಜೂಕ್‌ಬಾಕ್ಸಿನಲ್ಲಿ ವೇಲರ್ಸ್ ರೆಕಾರ್ಡು ಮತ್ತೆ ಮತ್ತೆ ಓಡುತ್ತಿತ್ತು. ಜನ ಅದಕ್ಕೇ ಎದ್ದು ಕುಣಿಯುವುದನ್ನು ನೋಡಿ, ನಮ್ಮ ಬ್ಯಾಂಡೂ ಇದನ್ನು ಕಲಿಯಬೇಕು ಅಂತ ಈಲಿ ತೀರ್ಮಾನಿಸಿದ. ಕಿವಿಯಲ್ಲಿ ಕೇಳಿ ಬಂದು ಉಳಿದವರಿಗೆ ಹೇಳಿಕೊಟ್ಟ. ಹೇಳಿಕೊಡುವಾಗ ತಾಳದಲ್ಲಿ ಒಂದೊಂದು ಪೆಟ್ಟು ಬಿಟ್ಟುಹೋಯಿತು. ವೇಲರ್ಸ್ ನಾಲ್ಕು ಹೊಡೆಯುತ್ತಿದ್ದ ಕಡೆ ಇವರು ಮೂರು ಹೊಡೆದರು. ಬಿಟ್ಟುಹೋದದ್ದೇ ಒಳ್ಳೆಯದಾಯಿತು. ಹಾಡು ಇನ್ನೂ ಮೊಂಡಾಯಿತು, ಇನ್ನೂ ಸುಲಭವಾಯಿತು. ಮೂರೇ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು: ಎ, ಡಿ, ಇ ಮೈನರ್, ಮತ್ತೆ ಡಿ. ಗಿಟಾರ್ ಹಿಡಿದು ಎರಡನೇ ವಾರಕ್ಕೆ ಯಾರು ಬೇಕಾದರೂ ನುಡಿಸಬಹುದು.

ಈಗ ರೆಕಾರ್ಡಿಂಗಿನ ದಿನಕ್ಕೆ ಬರೋಣ. 1963ರ ಏಪ್ರಿಲ್ 6, ಶನಿವಾರ.

ಹಿಂದಿನ ರಾತ್ರಿ ಈ ಹುಡುಗರು ಒಂದು ಸಾಹಸ ಮಾಡಿದ್ದರು. ಡ್ಯಾನ್ಸ್ ಕಾರ್ಯಕ್ರಮದಲ್ಲಿ 'ಲೂಯಿ ಲೂಯಿ' ಒಂದೇ ಹಾಡನ್ನು ಸುಮಾರು ಒಂದೂವರೆ ಗಂಟೆ ಎಳೆದಿದ್ದರು. ಈಲಿಯ ಗಂಟಲು ಕಟ್ಟಿತ್ತು. ಸಾಲದ್ದಕ್ಕೆ ಆ ದಿನಗಳಲ್ಲೇ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡಿದ್ದ. ಹೊಸದಾಗಿ ಕ್ಲಿಪ್ ಹಾಕಿಸಿಕೊಂಡವರು 'ಸಾಸಿವೆ' ಅಂತ ಹೇಳುವುದನ್ನು ಕೇಳಿದ್ದೀರಲ್ವಾ? ಆ ಬಾಯಿ, ಆ ಗಂಟಲು ಹೊತ್ತುಕೊಂಡು ಹುಡುಗ ಬೆಳಗ್ಗೆ ಸ್ಟುಡಿಯೋಗೆ ಬಂದ.

ಸ್ಟುಡಿಯೋ ಖರ್ಚು ಸುಮಾರು 50 ಡಾಲರ್, ಹುಡುಗರ ಕೈಯಿಂದಲೇ. ಪ್ರಯಾಣಿಕರ ಹಡಗಿನಲ್ಲಿ ನುಡಿಸುವ ಕೆಲಸಕ್ಕೆ ಸ್ಯಾಂಪಲ್ ಕಳಿಸಲು ಈ ರೆಕಾರ್ಡಿಂಗ್ ಮಾಡಿಸಿದ್ದು ಅಂತ ಹೇಳುತ್ತಾರೆ. ನಾವಿಕನ ಹಾಡು ಹಾಡಿ ಹಡಗಿನಲ್ಲಿ ಕೆಲಸ ಕೇಳುವುದು! ಜೊತೆಗೆ ಸ್ಥಳೀಯ ರೇಡಿಯೋದ ಕೆನ್ ಚೇಸ್ ಇದ್ದರು. ಹಾಡುಗಾರನ ಮೈಕು ಮಾತ್ರ ಮೇಲೆ, ಚಾವಣಿಯ ಹತ್ತಿರ ತೂಗುತ್ತಿತ್ತು. ಈಲಿ ತುದಿಗಾಲಿನಲ್ಲಿ ನಿಂತು, ಕತ್ತು ಹಿಂದಕ್ಕೆ ಎಸೆದು, ಆಕಾಶಕ್ಕೆ ಕೂಗುವವನ ಹಾಗೆ ಹಾಡಬೇಕಾಯಿತು. ಸುತ್ತ ಡ್ರಮ್ಮು, ಗಿಟಾರು, ಕೀಬೋರ್ಡು ಎಲ್ಲವೂ ಒಟ್ಟಿಗೆ ಬಡಿಯುತ್ತಿವೆ. ಒಂದು ಸಲ ನುಡಿಸಿದರು. ಅದು ಅಭ್ಯಾಸ ಅಂತ ಹುಡುಗರು ಅಂದುಕೊಂಡಿದ್ದರಂತೆ. ಸಾಕು, ಮುಗಿಯಿತು ಅಂದುಬಿಟ್ಟರು.

ಆ ಎರಡೂಮುಕ್ಕಾಲು ನಿಮಿಷವನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಬೇಕು. ಶುರುವಿನಲ್ಲಿ ಡಾನ್ ಗಲೂಚಿಯ ಕೀಬೋರ್ಡ್. ಅವನಿನ್ನೂ ಸ್ಕೂಲು ಹುಡುಗ. ಟ ಟ ಟ, ಟ ಟ. ಹಿಂದೆಯೇ ಎಲ್ಲರೂ ನುಗ್ಗುತ್ತಾರೆ. ಈಲಿಯ ದನಿ ಪಕ್ಕದ ಮನೆಯಿಂದ ಬಂದ ಹಾಗಿದೆ. ಸ್ವರಗಳಿವೆ, ವ್ಯಂಜನಗಳಿಲ್ಲ. ಗಿಟಾರ್ ಭಾಗ ಮುಗಿಯುತ್ತಿದ್ದ ಹಾಗೆ, ಎರಡನೇ ನಿಮಿಷದ ಹತ್ತಿರ, ಒಂದು ಅಪಘಾತವಾಗುತ್ತದೆ. ಈಲಿ ಮೂರನೇ ಚರಣಕ್ಕೆ ಬೇಗ ಬಂದುಬಿಡುತ್ತಾನೆ. ಬ್ಯಾಂಡು ಇನ್ನೂ ಅಲ್ಲಿಗೆ ಬಂದಿಲ್ಲ. ಎರಡು ಪದ ಬಾಯಿಂದ ಬೀಳುತ್ತವೆ, ತಕ್ಷಣ ಗೊತ್ತಾಗಿ ಬಾಯಿ ಮುಚ್ಚುತ್ತಾನೆ. ಆ ತೂತು ಮುಚ್ಚಲು ಲಿನ್ ಈಸ್ಟನ್ ಡ್ರಮ್ಮಿನ ಮೇಲೆ ಗಡಗಡ ಅಂತ ಒಂದು ಉರುಳು ಉರುಳಿಸುತ್ತಾನೆ. ಆಮೇಲೆ ಚರಣ ಮತ್ತೆ ಶುರು. ನಮ್ಮ ಸಂಗೀತ ಕಚೇರಿಯಲ್ಲಿ ಹಾಡುಗಾರ ಎಡುಪು ತಪ್ಪಿ ಹಿಡಿದಾಗ ಮೃದಂಗದವರು ಮುಖ ಬದಲಿಸದೆ ಸರಿಮಾಡಿಕೊಳ್ಳುತ್ತಾರಲ್ಲ, ಹಾಗೆ.

ಅದೇ ವಾರ, ಅದೇ ಸ್ಟುಡಿಯೋದಲ್ಲಿ ಪಾಲ್ ರೆವಿಯರ್ ಅಂಡ್ ದ ರೈಡರ್ಸ್ ಬ್ಯಾಂಡ್ ಬಂದು ಇದೇ ಹಾಡನ್ನು ರೆಕಾರ್ಡ್ ಮಾಡಿತು. ಅವರದು ಹೆಚ್ಚು ಅಚ್ಚುಕಟ್ಟು, ಮೊದಮೊದಲು ಮಾರಾಟವೂ ಹೆಚ್ಚು. ಕೊಲಂಬಿಯಾದಂಥ ದೊಡ್ಡ ಕಂಪನಿಯೂ ಬೆನ್ನಿಗೆ ನಿಂತಿತು. ನ್ಯಾಯವಾಗಿ ಗೆಲ್ಲಬೇಕಿದ್ದದ್ದು ಅವರು. ಕಿಂಗ್ಸ್‌ಮೆನ್ ರೆಕಾರ್ಡ್ ಅಂಗಡಿಯಲ್ಲಿ ಧೂಳು ತಿನ್ನುತ್ತಿತ್ತು.

ಅಷ್ಟರಲ್ಲಿ ಬ್ಯಾಂಡಿನೊಳಗೇ ಜಗಳ. ಆಗಸ್ಟಿನಲ್ಲಿ ಈಸ್ಟನ್, ಇನ್ನು ಮೇಲೆ ನಾನು ಮುಂದೆ ನಿಂತು ಹಾಡುತ್ತೇನೆ, ಈಲಿ ಡ್ರಮ್ ಬಾರಿಸಲಿ ಅಂದ. ಉಳಿದವರು ಒಪ್ಪದಿದ್ದಾಗ ಇನ್ನೊಂದು ವಿಷಯ ಹೊರಬಿತ್ತು: ಬ್ಯಾಂಡಿನ ಹೆಸರನ್ನು ಅವನ ತಾಯಿ ಮೊದಲೇ ಅವನ ಹೆಸರಿನಲ್ಲಿ ನೋಂದಾಯಿಸಿದ್ದರು. ಈಲಿ ಮತ್ತು ಬೇಸ್ ನುಡಿಸುತ್ತಿದ್ದ ಬಾಬ್ ನಾರ್ಡ್ಬಿ ಎದ್ದು ನಡೆದರು. ಹದಿಹರೆಯದ ಹುಡುಗರ ಬ್ಯಾಂಡಿನಲ್ಲಿ ಇಂಥ ಕಾಗದಪತ್ರದ ಬುದ್ಧಿವಂತಿಕೆ ಹೇಗೆ ಬಂತೋ! ಮಾರದ ರೆಕಾರ್ಡೊಂದರ ಬ್ಯಾಂಡು, ಯಾರು ಬಿಟ್ಟರೂ ಯಾರಿದ್ದರೂ ಏನು ಅನ್ನಿಸಿರಬೇಕು.

ಎರಡು ತಿಂಗಳು ಕಳೆದಿರಲಿಲ್ಲ. ದೇಶದ ಇನ್ನೊಂದು ತುದಿಯಲ್ಲಿ, ಬಾಸ್ಟನ್ನಿನಲ್ಲಿ, ಆರ್ನಿ ಗಿನ್ಸ್‌ಬರ್ಗ್ ಅನ್ನುವ ರೇಡಿಯೋ ನಿರೂಪಕ 'ವಾರದ ಅತಿ ಕೆಟ್ಟ ರೆಕಾರ್ಡ್' ಅಂತ ಇದನ್ನು ಹಾಕಿದ. ಗೇಲಿ ಮಾಡಲು ಹಾಕಿದ್ದು. ಕೇಳುಗರು ಫೋನ್ ಮಾಡಿ, ಇನ್ನೊಂದು ಸಲ ಹಾಕಿ ಅಂದರು. ಅಲ್ಲಿಂದ ಹಾಡು ನಿಲ್ಲಲಿಲ್ಲ. 1963ರ ಡಿಸೆಂಬರಿನಲ್ಲಿ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೇ ಸ್ಥಾನ. ಎಲ್ಲ ಸೇರಿ ಆರು ವಾರ ಅಲ್ಲೇ. ಕ್ಯಾಶ್‌ಬಾಕ್ಸ್ ಪತ್ರಿಕೆಯ ಪಟ್ಟಿಯಲ್ಲಿ ಮೊದಲನೇ ಸ್ಥಾನವೂ ಸಿಕ್ಕಿತು.

ಬಿಲ್‌ಬೋರ್ಡ್‌ನಲ್ಲಿ ಇದನ್ನು ಮೊದಲು ತಡೆದು ನಿಲ್ಲಿಸಿದ ಹಾಡು ಯಾವುದು ಗೊತ್ತಾ? 'ದೊಮಿನಿಕ್'. ಬೆಲ್ಜಿಯಂನ ಒಬ್ಬ ಕ್ರೈಸ್ತ ಸನ್ಯಾಸಿನಿ ಗಿಟಾರ್ ಹಿಡಿದು ಫ್ರೆಂಚ್ ಭಾಷೆಯಲ್ಲಿ ಹಾಡಿದ ಭಕ್ತಿಗೀತೆ. ಅಧ್ಯಕ್ಷ ಕೆನಡಿ ಕೊಲೆಯಾಗಿ ಇನ್ನೂ ತಿಂಗಳಾಗಿರಲಿಲ್ಲ. ದೇಶ ಸೂತಕದಲ್ಲಿತ್ತು. ಆಗ ಪಟ್ಟಿಯ ಮೇಲಿನ ಎರಡು ಹಾಡುಗಳಲ್ಲಿ ಒಂದರ ಭಾಷೆ ಜನಕ್ಕೆ ಬಾರದು, ಇನ್ನೊಂದು ಜನರದೇ ಭಾಷೆ, ಆದರೂ ತಿಳಿಯದು. ಸನ್ಯಾಸಿನಿ ಏನು ಹಾಡುತ್ತಿದ್ದಾಳೆ ಅಂತ ಯಾರೂ ಕೆದಕಲಿಲ್ಲ. ಅವಳ ವೇಷ ನೋಡಿ ನಂಬಿದರು. ಕಿಂಗ್ಸ್‌ಮೆನ್ ಹುಡುಗರನ್ನು ನಂಬಲು ಯಾವ ಕಾರಣವೂ ಇರಲಿಲ್ಲ.

ಗುಮಾನಿ ಹೇಗೆ ಹುಟ್ಟಿತು ಅನ್ನುವುದಕ್ಕೆ ಒಂದೇ ಮೂಲ ಹೇಳಲಾಗದು. ಸ್ಕೂಲು ಕಾಲೇಜುಗಳಲ್ಲಿ ಕೈಬರಹದ ಚೀಟಿಗಳು ಓಡಾಡತೊಡಗಿದವು. 'ಲೂಯಿ ಲೂಯಿ'ಯ ನಿಜವಾದ ಸಾಹಿತ್ಯ ಇದು, ಗುಟ್ಟಾಗಿ ಇಟ್ಟುಕೋ. ಒಳಗೆ ಇದ್ದದ್ದು ಬಚ್ಚಲು ಗೋಡೆಯ ಸಾಹಿತ್ಯ. ಒಂದು ಚೀಟಿಯಲ್ಲಿದ್ದದ್ದು ಇನ್ನೊಂದರಲ್ಲಿ ಇರುತ್ತಿರಲಿಲ್ಲ. ನಿಮಿಷಕ್ಕೆ 45 ಸುತ್ತಿನ ವೇಗದಲ್ಲಿ ಓಡಬೇಕಾದ ಸಿಂಗಲ್ಲನ್ನು 33ರ ವೇಗಕ್ಕೆ ಇಳಿಸಿದರೆ ಎಲ್ಲ ಸ್ಪಷ್ಟ ಕೇಳುತ್ತದೆ ಅಂತಲೂ ಪುಕಾರು. ಹುಡುಗರು ಇಳಿಸಿದರು. ಚೀಟಿ ಎದುರಿಗಿಟ್ಟುಕೊಂಡು ಕೇಳಿದರು. ಕೇಳಿಸಿತು! ಕೇಳಿಸದೆ ಏನು? ಮೊದಲೇ ಓದಿಕೊಂಡು ಕೂತರೆ ಮಿಕ್ಸಿ ಶಬ್ದದಲ್ಲೂ ಮಾತು ಕೇಳಿಸುತ್ತದೆ. ನನ್ನ ನೋಟ್‌ಬುಕ್ಕಿನ ಅರ್ಧ ಹಾಡುಗಳು ಹಾಗೆ ತಯಾರಾದವೇ.

1964ರ ಜನವರಿಯಲ್ಲಿ ಇಂಡಿಯಾನಾ ರಾಜ್ಯದ ಗವರ್ನರ್ ಮ್ಯಾಥ್ಯೂ ವೆಲ್ಶ್ ಹಾಡು ಕೇಳಿ ಕಿವಿ ಜುಮ್ಮೆಂದಿತು ಅಂದರು. ರೇಡಿಯೋದವರ ಸಂಘಕ್ಕೆ ಹೇಳಿ ಕಳಿಸಿ, ಇದನ್ನು ಹಾಕಬೇಡಿ ಅಂತ ಕೇಳಿಕೊಂಡರು. ನಿಷೇಧ ಮಾಡಿದ್ದಲ್ಲ, ಸಲಹೆ ಕೊಟ್ಟದ್ದು ಅಂತ ಆಮೇಲೆ ವಿವರಣೆ. ಗವರ್ನರ್ ಕೊಡುವ ಸಲಹೆ ಎಂಥದ್ದು ಅಂತ ರೇಡಿಯೋದವರಿಗೆ ಗೊತ್ತಿರುತ್ತದೆ. ಹಾಡಿನ ಹಕ್ಕು ಹೊಂದಿದ್ದ ಫೈರ್ಟಾಗ್, ಇದರಲ್ಲಿ ಅಶ್ಲೀಲ ತೋರಿಸಿಕೊಟ್ಟವರಿಗೆ 1,000 ಡಾಲರ್ ಬಹುಮಾನ ಅಂತ ಸಾರಿದರು. ಮಾರಾಟ ಇನ್ನಷ್ಟು ಏರಿತು.

ಆ ಹೊತ್ತಿಗೇ ಪೋಷಕರೊಬ್ಬರು ಅಟಾರ್ನಿ ಜನರಲ್ ರಾಬರ್ಟ್ ಕೆನಡಿಗೆ ಪತ್ರ ಬರೆದರು. ಮಗಳು ಈ ರೆಕಾರ್ಡ್ ಮನೆಗೆ ತಂದಿದ್ದಾಳೆ, ಸಾಹಿತ್ಯ ಎಷ್ಟು ಹೊಲಸಾಗಿದೆ ಅಂದರೆ ಪತ್ರದಲ್ಲಿ ಬರೆಯಲೂ ಆಗುವುದಿಲ್ಲ ಅಂತ. ದೂರುಗಳು ಒಂದೊಂದೇ ಸೇರಿ ಎಫ್‌ಬಿಐ ಕಡತ ತೆರೆಯಿತು. ಆ ಕಡತ ಈಗ ಸಾರ್ವಜನಿಕ. ನೂರಕ್ಕೂ ಹೆಚ್ಚು ಪುಟ. ಓದಲು ಕೂತರೆ ಹೊಟ್ಟೆ ಹಿಡಿದುಕೊಂಡು ನಗಬೇಕು. ಟೈಪ್ ಮಾಡಿದ ಗಂಭೀರ ಸರ್ಕಾರಿ ಪುಟಗಳ ನಡುವೆ ಹುಡುಗರ ಚೀಟಿಯ ಪೋಲಿ ಸಾಲುಗಳು, ಒಂದಕ್ಕೊಂದು ತಾಳೆಯಾಗದ ಪಾಠಾಂತರಗಳು. ಹಳಗನ್ನಡ ಹಸ್ತಪ್ರತಿ ಸಂಪಾದನೆಯ ಹಾಗೆ. ರೆಕಾರ್ಡನ್ನು ವಾಷಿಂಗ್ಟನ್ನಿನ ಪ್ರಯೋಗಾಲಯಕ್ಕೆ ಕಳಿಸಿದರು. 78ರಲ್ಲಿ ಓಡಿಸಿದರು, 45ರಲ್ಲಿ ಓಡಿಸಿದರು, 33ರಲ್ಲಿ ಓಡಿಸಿದರು. ಕೊನೆಗೆ ಬರೆದರು: ಯಾವ ಸ್ಪೀಡಿನಲ್ಲೂ ಅರ್ಥವಾಗುವುದಿಲ್ಲ.

ನನಗೆ ಈ ಇಡೀ ಪ್ರಸಂಗದಲ್ಲಿ ಬಿಡಿಸಲಾಗದ ಒಗಟು ಒಂದೇ. ನಮ್ಮ ಭಾಷೆಯಲ್ಲಿ 'ಕೇಳು' ಅಂದರೆ ಎರಡು ಅರ್ಥ. ಕಿವಿಯಿಂದ ಕೇಳುವುದು, ಬಾಯಿಂದ ಕೇಳುವುದು. ಎಫ್‌ಬಿಐಯವರು ಮೊದಲನೆಯದನ್ನು ಎರಡು ವರ್ಷಕ್ಕೂ ಜಾಸ್ತಿ ಮಾಡಿದರು. ಎರಡನೆಯದು ಅವರಿಗೆ ಹೊಳೆಯಲೇ ಇಲ್ಲ. ಬರೆದ ಬೆರಿ ಲಾಸ್ ಏಂಜಲಿಸ್‌ನಲ್ಲೇ ಇದ್ದ. ಅವನನ್ನು ಕೇಳಲಿಲ್ಲ. ಹಾಡಿದ ಈಲಿಯನ್ನು ಕೇಳಲಿಲ್ಲ. ಬ್ಯಾಂಡಿನ ಬೇರೊಬ್ಬ ಸದಸ್ಯನನ್ನು ಮಾತಾಡಿಸಿ, ಅವನು ಹಾಗೇನಿಲ್ಲ ಅಂದದ್ದನ್ನು ಬರೆದುಕೊಂಡರು. ಸರ್ಕಾರದ್ದೇ ಕಾಪಿರೈಟ್ ಕಚೇರಿಯಲ್ಲಿ ಹಾಡಿನ ಸಾಹಿತ್ಯ ದಾಖಲಾಗಿತ್ತು. ಅದನ್ನು ತೆಗೆಸಿ ನೋಡಲಿಲ್ಲ. ಇದು ಯಾವುದೂ ಬೇಡ, ಬೆರಿ 1957ರಲ್ಲಿ ಹಾಡಿದ ರೆಕಾರ್ಡ್ ಹಾಕಿದ್ದರೂ ಸಾಕಿತ್ತು. ಅದರಲ್ಲಿ ಪ್ರತಿ ಪದ ನೀರಿನಷ್ಟು ತಿಳಿ.

ತಮಾಷೆ ಇಷ್ಟಕ್ಕೇ ಮುಗಿಯುವುದಿಲ್ಲ. ಆ ರೆಕಾರ್ಡಿನಲ್ಲಿ ನಿಜವಾಗಿಯೂ ಒಂದು ಬೈಗುಳ ಇದೆ! ಸಾಹಿತ್ಯದಲ್ಲಿ ಅಲ್ಲ. ಸುಮಾರು 54ನೇ ಸೆಕೆಂಡಿನಲ್ಲಿ ಈಸ್ಟನ್ ಕೈಯಲ್ಲಿದ್ದ ಡ್ರಮ್ ಕಡ್ಡಿ ಎಡವಟ್ಟಾಗಿ, ಹಿಂದಿನಿಂದ ಅವನು ಇಂಗ್ಲಿಷಿನ ಆ ನಾಲ್ಕಕ್ಷರದ ಪದವನ್ನು ಕೂಗುತ್ತಾನೆ. ದೂರದಲ್ಲಿ, ಮಂದವಾಗಿ. ಅಲ್ಲಿದೆ ಅಂತ ಗೊತ್ತಿದ್ದರೆ ಕೇಳುತ್ತದೆ. ಪ್ರಯೋಗಾಲಯದ ಅಷ್ಟು ಕಿವಿಗಳಿಗೆ ಅದು ಬೀಳಲಿಲ್ಲ. ಎಲ್ಲರೂ ಈಲಿಯ ಬಾಯಿಯನ್ನೇ ಕಾಯುತ್ತಿದ್ದರು.

ಈಲಿಯ ವಿಷಯಕ್ಕೆ ಬಂದರೆ ನಗು ನಿಲ್ಲುತ್ತದೆ. ಹಾಡು ದೇಶವೆಲ್ಲ ಮೊಳಗುವಾಗ ಅವನು ಬ್ಯಾಂಡಿನಲ್ಲಿ ಇರಲಿಲ್ಲ. ಟಿವಿಯಲ್ಲಿ ಈಸ್ಟನ್ ಮುಂದೆ ನಿಂತು ಬಾಯಾಡಿಸುತ್ತಿದ್ದ, ಹಿಂದೆ ಓಡುತ್ತಿದ್ದದ್ದು ಈಲಿಯ ದನಿ. ತನ್ನ ಗಂಟಲು ಇನ್ನೊಬ್ಬನ ಮುಖದಿಂದ ಹೊರಬರುವುದನ್ನು ಮನೆಯಲ್ಲಿ ಕೂತು ನೋಡುವುದು ಹೇಗಿರಬಹುದು! ಈಲಿ ತನ್ನದೇ ಕಿಂಗ್ಸ್‌ಮೆನ್ ಕಟ್ಟಿಕೊಂಡು ಊರೂರು ಸುತ್ತಿದ. ಕೋರ್ಟ್ ವ್ಯವಹಾರ ಆಯಿತು. ಹೆಸರು ಬಿಡಬೇಕಾಯಿತು. ಬದಲಿಗೆ ಆಮೇಲಿನ ಮುದ್ರಣಗಳಲ್ಲಿ ಹಾಡಿದವರು ಜ್ಯಾಕ್ ಈಲಿ ಅಂತ ಹಾಕಲು ಒಪ್ಪಿದರು, ಈಸ್ಟನ್ ಬಾಯಾಡಿಸುವುದು ನಿಲ್ಲಿಸಬೇಕು ಅಂತಾಯಿತು. ಈಲಿ ಮುಂದೆ ಆರೆಗಾನ್‌ನಲ್ಲಿ ಕುದುರೆ ಪಳಗಿಸಿಕೊಂಡಿದ್ದು 2015ರಲ್ಲಿ ತೀರಿಕೊಂಡ. ಇನ್ನೊಂದು ಹಾಡು ಅವನಿಗೆ ಹಿಟ್ ಆಗಲಿಲ್ಲ. ಬ್ಯಾಂಡಿನ ಪುಟ್ಟ ಹುಡುಗ ಗಲೂಚಿ ಮಾತ್ರ ಬೇರೆ ದಾರಿ ಹಿಡಿದು, 1970ರಲ್ಲಿ ಸ್ಟೂಜಸ್ ಬ್ಯಾಂಡಿನ ಎರಡನೇ ಆಲ್ಬಮ್ ನಿರ್ಮಿಸಿದ. ಪಂಕ್ ಸಂಗೀತದ ಬೇರು ಹುಡುಕುವವರೆಲ್ಲ ಈಗ ಹೋಗಿ ಮುಟ್ಟುವುದು ಅಲ್ಲಿಗೇ.

ಬೆರಿಗೆ ಆಗಿದ್ದೇನು? ಇಪ್ಪತ್ತೈದು ವರ್ಷ ಏನೂ ಇಲ್ಲ. ಸಣ್ಣಪುಟ್ಟ ಕ್ಲಬ್ಬುಗಳಲ್ಲಿ ಹಾಡಿಕೊಂಡಿದ್ದ. 80ರ ದಶಕದ ಹೊತ್ತಿಗೆ ದಕ್ಷಿಣ ಲಾಸ್ ಏಂಜಲಿಸ್‌ನ ತಾಯಿಯ ಮನೆಯಲ್ಲಿ, ಸರ್ಕಾರದ ನೆರವಿನ ಹಣದಲ್ಲಿ ಬದುಕುತ್ತಿದ್ದ. ಅವನ ಹಾಡು ನೂರಾರು ರೂಪಗಳಲ್ಲಿ ಊರೂರು ತಿರುಗುತ್ತಿತ್ತು. ಆಗ ಕ್ಯಾಲಿಫೋರ್ನಿಯಾ ಕೂಲರ್ ಅನ್ನುವ ಪಾನೀಯದ ಕಂಪನಿಗೆ ಜಾಹೀರಾತಿಗೆ ಈ ಹಾಡು ಬೇಕಾಯಿತು. ಕಾಗದ ನೋಡಿದರೆ, ಬರೆದವನ ಸಹಿ ಬೇಕು. ಎಲ್ಲಿದ್ದಾನೆ ಅಂತ ಹುಡುಕಿಕೊಂಡು ಬಂದರು. ಬಂದ ವಕೀಲರು, ಹಕ್ಕು ವಾಪಸ್ ಕೇಳಬಹುದಲ್ವಾ ಅಂದರು. ಬೆರಿ ಕೇಳಿದ. ಕೋರ್ಟ್ ಹೊರಗೇ ರಾಜಿಯಾಗಿ ಅವನು ಲಕ್ಷಾಧೀಶನಾದ. ಡಾಲರಿನ ಲೆಕ್ಕದಲ್ಲಿ ಹತ್ತು ಲಕ್ಷ ದಾಟಿದವನು. 1997ರಲ್ಲಿ, 61ನೇ ವಯಸ್ಸಿನಲ್ಲಿ ಸತ್ತ. ಹತ್ತು ವರ್ಷವಾದರೂ ಸುಖ ಕಂಡನಲ್ಲ ಅಂತ ನನಗೆ ಸಮಾಧಾನ.

ಕಿಂಗ್ಸ್‌ಮೆನ್ ಕಥೆಯೂ ಬೇರೆಯಲ್ಲ. ರೆಕಾರ್ಡಿನ ಮಾಲೀಕತ್ವ ಕೈ ಬದಲಾಗುತ್ತಾ ಹೋಗಿ, ದಶಕಗಳ ಕಾಲ ಅವರಿಗೆ ಬರಬೇಕಾದ ಪಾಲು ಬರಲೇ ಇಲ್ಲ. 1993ರಲ್ಲಿ ದಾವೆ ಹೂಡಿದರು, 1998ರಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿ ಕೇಳಲು ನಿರಾಕರಿಸಿದ ಮೇಲೆ ಮೂಲ ರೆಕಾರ್ಡಿಂಗ್ ಅವರ ಕೈ ಸೇರಿತು.

ಹಾಡು ಮಾತ್ರ ಇವರ ಯಾರ ಕಷ್ಟವನ್ನೂ ಕಾಯದೆ ತನ್ನ ಪಾಡಿಗೆ ಓಡುತ್ತಲೇ ಇತ್ತು. 1983ರಲ್ಲಿ ಕ್ಯಾಲಿಫೋರ್ನಿಯಾದ ಕಾಲೇಜು ರೇಡಿಯೋವೊಂದು 63 ಗಂಟೆ ಸತತವಾಗಿ ಬರೀ 'ಲೂಯಿ ಲೂಯಿ' ಹಾಕಿತು. 800ಕ್ಕೂ ಹೆಚ್ಚು ರೂಪಗಳು. ಬೆರಿಯೂ ಬಂದಿದ್ದ, ಈಲಿಯೂ ಬಂದಿದ್ದ. ಇಬ್ಬರೂ ಹಾಡಿದರು. 1985ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಇದನ್ನೇ ನಾಡಗೀತೆ ಮಾಡಿ ಅಂತ ಚಳವಳಿ ಎದ್ದಿತು. ತಮಾಷೆಗೆ ಶುರುವಾದದ್ದು ಶಾಸನಸಭೆಯವರೆಗೆ ಹೋಗಿ ಬಿತ್ತು. 2005ರಲ್ಲಿ ಮಿಷಿಗನ್‌ನ ಒಂದು ಶಾಲೆಯ ಮಕ್ಕಳ ಬ್ಯಾಂಡ್ ಮೆರವಣಿಗೆಯಲ್ಲಿ ಇದನ್ನು ನುಡಿಸಬಾರದು, ಸಾಹಿತ್ಯ ಸರಿಯಿಲ್ಲ ಅಂತ ಅಧಿಕಾರಿಯೊಬ್ಬರು ತಡೆದರು. ಅದು ಬರೀ ತುತ್ತೂರಿ, ಡ್ರಮ್ಮುಗಳ ಬ್ಯಾಂಡ್. ಹಾಡುವವರೇ ಇರಲಿಲ್ಲ. ಆಮೇಲೆ ನುಡಿಸಿ ಅಂದರು ಅನ್ನಿ.

ಮೊನ್ನೆ ಹಳೆಯ ನೋಟ್‌ಬುಕ್ ಸಿಕ್ಕಿತು. ಚುಕ್ಕಿಗಳ ಪುಟ ತೆಗೆದು, ಬೆರಿಯ ರೆಕಾರ್ಡ್ ಹಾಕಿಕೊಂಡು ಒಂದೇ ಕೂರಿಕೆಯಲ್ಲಿ ಎಲ್ಲ ಸಾಲನ್ನೂ ಕನ್ನಡ ಅಕ್ಷರದಲ್ಲಿ ತುಂಬಿಸಿದೆ. ನಾವಿಕ, ಹಡಗು, ಚಂದ್ರ, ಲೂಯಿ, ಎಲ್ಲರೂ ಬಂದರು. ಆಮೇಲೆ ಸುಮ್ನೆ ಇರಲಾರದೆ, ಆ ಪುಟ ಎದುರಿಗಿಟ್ಟುಕೊಂಡು ಕಿಂಗ್ಸ್‌ಮೆನ್ ರೆಕಾರ್ಡಿನ ಜೊತೆ ಹಾಡಲು ಹೋದೆ. ಮೊದಲ ಎರಡು ಚರಣ ಸರಿಯಾಗಿ ಕೂತವು. ಮೂರನೆಯದಕ್ಕೆ ಬಂದಾಗ ಬರೆದದ್ದು ಒಂದು, ಬಾಯಿಂದ ಬಂದದ್ದು ಇನ್ನೊಂದು. ಈಗಲೂ ಎಷ್ಟೋ ಬ್ಯಾಂಡುಗಳು ಈ ಹಾಡು ನುಡಿಸುವಾಗ ಬೇಕಂತಲೇ ಅಲ್ಲಿ ಬೇಗ ಶುರು ಮಾಡಿ, ಎರಡು ಪದ ಹಾಡಿ, ನಿಲ್ಲಿಸುತ್ತವಂತೆ. ಡ್ರಮ್ಮಿನವರು ಗಡಗಡ ಉರುಳಿಸುತ್ತಾರಂತೆ. ನಾನು ಬೇಕಂತ ಮಾಡಲಿಲ್ಲ. ಈಲಿ ಎಡವಿದ ಕಡೆ ನಾನೂ ಎಡವಿ ನಿಂತೆ, ಕೈ ತಾನಾಗಿ ಮೇಜಿನ ಮೇಲೆ ಉರುಳು ಬಾರಿಸಿತು, ಆಮೇಲೆ ಇಬ್ಬರೂ ಮತ್ತೆ ಶುರು ಮಾಡಿದೆವು.